ಒರಿಜಿನಲ್ ಫೋಟೊ ಎಲ್ಲಿರಬೇಕು: ನಿಮ್ಮ ಡಿಸ್ಕಿನಲ್ಲೋ, ಕ್ಲೌಡ್‌ನಲ್ಲೋ?

ಹುಬ್ಬಳ್ಳಿಯ ಒಂದು ಎರಡು ದಿನದ ಮದುವೆ ತಗೊಳ್ಳಿ. ಮೊದಲ ದಿನ ಅರಿಷಿಣ, ಮರುದಿನ ಅಕ್ಕಿಕಾಳು, ಸಂಜೆ ರಿಸೆಪ್ಷನ್. ಇಬ್ಬರು ಫೋಟೊಗ್ರಾಫರ್ ಇದ್ದರೆ 2,500 ಫೋಟೊ ಸುಲಭವಾಗಿ ಆಗುತ್ತವೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಬರೆಯುವ ಮೂಲ ಫೈಲು) ಸುಮಾರು 30 ಎಂಬಿ ಅಂತ ಹಿಡಿದರೆ ಒಟ್ಟು 75 ಜಿಬಿ. ಅಂಥ ಹದಿಮೂರು ಮದುವೆ ಮುಗಿಯುವಷ್ಟರಲ್ಲಿ 1 ಟಿಬಿ ಹೆಚ್ಚುಕಡಿಮೆ ತುಂಬಿರುತ್ತದೆ. ಯುಗಾದಿ ಆದ ಮೇಲೆ ಶುರುವಾಗುವ ಒಂದೇ ಸೀಸನ್ನಿನಲ್ಲಿ ಅಷ್ಟು ಆರ್ಡರ್ ಮುಗಿಸುವ ಸ್ಟುಡಿಯೋಗಳು ನಮ್ಮ ಊರಲ್ಲಿ ಎಷ್ಟೋ ಇವೆ.

ಈಗ ಅದೇ 75 ಜಿಬಿಯನ್ನು ಕ್ಲೌಡ್‌ಗೆ, ಅಂದರೆ ಇಂಟರ್‌ನೆಟ್ ಮೂಲಕ ಒಂದು ಕಂಪನಿಯ ಕಂಪ್ಯೂಟರಿಗೆ, ಹಾಕುವ ಲೆಕ್ಕ ನೋಡಿ. ಅಪ್‌ಲೋಡ್ ಸ್ಪೀಡ್ 100 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ಇದ್ದರೆ ಒಂದು ಗಂಟೆ ನಲವತ್ತು ನಿಮಿಷ ಸಾಕು. 20 ಎಂಬಿಪಿಎಸ್ ಆದರೆ ಎಂಟು ಗಂಟೆಗಿಂತ ಜಾಸ್ತಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ 5 ಎಂಬಿಪಿಎಸ್ ಸಿಕ್ಕರೆ ಮೂವತ್ತಮೂರು ಗಂಟೆ, ಅದೂ ನಡುವೆ ಒಂದು ಸಲವೂ ಕಡಿಯದಿದ್ದರೆ. ಇಲ್ಲಿ ಲೆಕ್ಕಕ್ಕೆ ಬರುವುದು ಅಪ್‌ಲೋಡ್ ಸ್ಪೀಡ್. ಇಂಟರ್‌ನೆಟ್ ಕನೆಕ್ಷನ್ ಕೊಡುವವರು ದೊಡ್ಡದಾಗಿ ಹೇಳುವ ಅಂಕಿ ಹೆಚ್ಚಾಗಿ ಡೌನ್‌ಲೋಡ್‌ನದು. ಹಾಗಾಗಿ ಯಾವ ಪ್ಲಾನ್ ತಗೊಳ್ಳುವ ಮೊದಲೂ ನಿಮ್ಮ ಅಂಗಡಿಯಲ್ಲಿ, ನೀವು ಕೆಲಸ ಮಾಡುವ ಹೊತ್ತಿನಲ್ಲೇ, ಅಪ್‌ಲೋಡ್ ಸ್ಪೀಡ್ ಅಳೆದು ನೋಡಿ.

ಎಡಿಟಿಂಗ್ ಸಾಫ್ಟ್‌ವೇರ್ ಆರಿಸುವಾಗ ಎಲ್ಲರೂ ಬಣ್ಣ ಹೇಗೆ ಬರುತ್ತದೆ, ಮಾಸ್ಕಿಂಗ್ (ಫೋಟೊದ ಒಂದು ಭಾಗವನ್ನು ಮಾತ್ರ ಆರಿಸಿ ಎಡಿಟ್ ಮಾಡುವುದು) ಹೇಗಿದೆ ಅಂತ ಕೇಳುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಮೊದಲು ಕೇಳಬೇಕಾದದ್ದು, ಈ ಸಾಫ್ಟ್‌ವೇರ್ ನನ್ನ ಒರಿಜಿನಲ್ ಫೈಲನ್ನು ಎಲ್ಲಿ ಇಡುತ್ತದೆ ಅಂತ. ಕೆಲವು ಸಾಫ್ಟ್‌ವೇರ್‌ಗಳಿಗೆ ನಿಮ್ಮ ಡಿಸ್ಕೇ ಯಜಮಾನ, ಕ್ಲೌಡ್‌ನಲ್ಲಿರುವುದು ಬರೀ ನಕಲು. ಇನ್ನು ಕೆಲವಕ್ಕೆ ಕ್ಲೌಡೇ ಯಜಮಾನ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಕಾಣುವುದು ನಕಲು. ಇದನ್ನು ತಿಳಿಯದೆ ಎರಡನ್ನೂ ಬೆರೆಸಿದಾಗಲೇ ಜಾಗ ತುಂಬುವುದು, ಫೋಟೊ ಎರಡೆರಡು ಆಗುವುದು, ಕೆಲವೊಮ್ಮೆ ಫೋಟೊ ಹೋಗಿಯೇ ಬಿಡುವುದು.

ಎರಡು ಲೈಟ್‌ರೂಮ್

ನಮ್ಮ ಕಡೆ ಜಾಸ್ತಿ ಬಳಕೆಯಲ್ಲಿರುವುದು ಅಡೋಬಿಯ ಲೈಟ್‌ರೂಮ್. ಆದ್ದರಿಂದ ಅದರಿಂದಲೇ ಶುರು ಮಾಡೋಣ. ಮೊದಲ ಲೈಟ್‌ರೂಮ್ ಬಂದದ್ದು 2007ರಲ್ಲಿ. 2017ರ ಅಕ್ಟೋಬರಿನಲ್ಲಿ ಅಡೋಬಿ ಅದನ್ನು ಎರಡಾಗಿ ಮಾಡಿತು. ಹಳೆಯದಕ್ಕೆ ಕ್ಲಾಸಿಕ್ ಅಂತ ಹೆಸರು ಬಂತು. ಹೊಸದಾಗಿ ಕ್ಲೌಡ್‌ಗೆಂದೇ ಕಟ್ಟಿದ್ದಕ್ಕೆ ಲೈಟ್‌ರೂಮ್ ಅನ್ನುವ ಹೆಸರು ಉಳಿಯಿತು. ಹೆಸರು ಹತ್ತಿರ ಇರುವುದರಿಂದ ಒಂದನ್ನು ಇನ್ನೊಂದರ ಹೊಸ ಆವೃತ್ತಿ ಅಂತ ತಿಳಿಯುವವರು ಇವತ್ತಿಗೂ ಇದ್ದಾರೆ. ಒಳಗಿನ ವ್ಯವಸ್ಥೆ ಮಾತ್ರ ಪೂರ್ತಿ ಬೇರೆ.

ಕ್ಲಾಸಿಕ್‌ನಲ್ಲಿ ನಿಮ್ಮ ಡಿಸ್ಕೇ ಯಜಮಾನ. ಫೋಟೊ ನೀವಿಟ್ಟ ಫೋಲ್ಡರಿನಲ್ಲೇ ಇರುತ್ತದೆ. ನೀವು ಮಾಡಿದ ಎಡಿಟ್, ಕೊಟ್ಟ ಸ್ಟಾರು, ಮಾಡಿದ ಕಲೆಕ್ಷನ್ನು (ಆರಿಸಿದ ಫೋಟೊಗಳ ಗುಂಪು) ಎಲ್ಲ ಕ್ಯಾಟಲಾಗ್ ಅನ್ನುವ ಬೇರೆ ಫೈಲಿನಲ್ಲಿ ಸೇರುತ್ತವೆ. ಮಾಲು ಗೋದಾಮಿನಲ್ಲಿದ್ದರೂ ಲೆಕ್ಕ ಕಿರ್ದಿ ಪುಸ್ತಕದಲ್ಲಿ ಇರುತ್ತದಲ್ಲ, ಹಾಗೆ. ಮಾಲನ್ನು ಬೇರೆ ಕಡೆ ಸರಿಸಿದರೂ ಕಿರ್ದಿಗೆ ಅದು ಗೊತ್ತಾಗುವುದಿಲ್ಲ. ಅದಕ್ಕೇ ಫೋಲ್ಡರುಗಳನ್ನು ವಿಂಡೋಸ್‌ನಲ್ಲಿ ಎಳೆದಾಡದೆ, ಕ್ಲಾಸಿಕ್ ಒಳಗಿನಿಂದಲೇ ಸರಿಸಬೇಕು.

ಕ್ಲಾಸಿಕ್‌ನ ಸಿಂಕ್, ಅಂದರೆ ಕಂಪ್ಯೂಟರ್, ಕ್ಲೌಡ್, ಮೊಬೈಲ್ ಎಲ್ಲದರಲ್ಲೂ ಒಂದೇ ಫೋಟೊ, ಎಡಿಟ್ ಇರುವಂತೆ ಮಾಡುವುದು, ಹೇಗೆ ನಡೆಯುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಾದರೆ ಹೆಚ್ಚಿನ ಕ್ಲೌಡ್ ಜಾಗಕ್ಕೆ ತಿಂಗಳಿಗೆ ಕಟ್ಟುವ ದುಡ್ಡು ಉಳಿಯುತ್ತದೆ. ಒಂದು ಕಲೆಕ್ಷನ್ನಿಗೆ ಸಿಂಕ್ ಗುರುತು ಹಾಕಿದಾಗ ಅದು ಒರಿಜಿನಲ್ ರಾ ಫೈಲನ್ನು ಮೇಲೆ ಕಳಿಸುವುದಿಲ್ಲ. ಸ್ಮಾರ್ಟ್ ಪ್ರಿವ್ಯೂ ಅನ್ನುವ ಚಿಕ್ಕ ಫೈಲನ್ನು ಕಳಿಸುತ್ತದೆ. ಅದರ ಉದ್ದನೆಯ ಬದಿ 2,560 ಪಿಕ್ಸೆಲ್. ಅಡೋಬಿಯೇ ಕೊಡುವ ಉದಾಹರಣೆಯಲ್ಲಿ 500 ರಾ ಫೋಟೊಗೆ 14 ಜಿಬಿ ಬೇಕಾದರೆ ಅವುಗಳ ಸ್ಮಾರ್ಟ್ ಪ್ರಿವ್ಯೂಗೆ 400 ಎಂಬಿ ಸಾಕು. ಆ ಲೆಕ್ಕದಲ್ಲಿ ಮೇಲೆ ಹೇಳಿದ ಮದುವೆಯ 75 ಜಿಬಿ ಬರೀ 2 ಜಿಬಿಗೆ ಇಳಿಯುತ್ತದೆ. 20 ಎಂಬಿಪಿಎಸ್‌ನಲ್ಲಿ ಎಂಟು ಗಂಟೆ ಹಿಡಿಯುತ್ತಿದ್ದ ಕೆಲಸ ಕಾಲು ಗಂಟೆಯೊಳಗೆ ಮುಗಿಯುತ್ತದೆ. ಇನ್ನೂ ಒಳ್ಳೆಯ ವಿಷಯ ಏನಂದರೆ, ಹೀಗೆ ಹೋದ ಸ್ಮಾರ್ಟ್ ಪ್ರಿವ್ಯೂ ನಿಮ್ಮ ಕ್ಲೌಡ್ ಜಾಗದ ಲೆಕ್ಕಕ್ಕೆ ಸೇರುವುದೇ ಇಲ್ಲ.

ಇದರಿಂದ ಏನು ಅನುಕೂಲ? ಪಾರ್ಟಿಯವರ ಮನೆಗೆ ಟ್ಯಾಬ್ ತಗೊಂಡು ಹೋಗಿ ಅಲ್ಲೇ ಸೆಲೆಕ್ಷನ್ ಮಾಡಿಸಬಹುದು. ಅವರು ಹೇಳಿದ್ದಕ್ಕೆ ಫ್ಲ್ಯಾಗ್ ಹಾಕಿದರೆ ಸ್ಟುಡಿಯೋದ ಕಂಪ್ಯೂಟರಿನಲ್ಲೂ ಅದು ಬಂದಿರುತ್ತದೆ. ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಎಕ್ಸ್‌ಪೋಷರ್ ಸರಿ ಮಾಡಿದ್ದೂ ಬರುತ್ತದೆ. ಆದರೆ ಸ್ಮಾರ್ಟ್ ಪ್ರಿವ್ಯೂದಿಂದ ಆಲ್ಬಂ ಪ್ರಿಂಟ್‌ಗೆ ಫೈಲ್ ತೆಗೆಯಬೇಡಿ. 12×36 ಇಂಚಿನ ಒಂದು ಶೀಟ್‌ಗೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) 10,800 ಪಿಕ್ಸೆಲ್ ಅಗಲ ಬೇಕು. 2,560 ಪಿಕ್ಸೆಲ್ ಎಂಟೂವರೆ ಇಂಚಿಗೆ ಮುಗಿಯುತ್ತದೆ. ನಾಯ್ಸ್, ಶಾರ್ಪ್‌ನೆಸ್ ನೋಡಲೂ ಒರಿಜಿನಲ್ ಇರುವ ಡಿಸ್ಕ್ ಹಚ್ಚಲೇಬೇಕು.

ಕ್ಲಾಸಿಕ್‌ನಲ್ಲಿ ಕ್ಲೌಡ್ ಜಾಗ ತುಂಬುವುದು ಇನ್ನೊಂದು ಬಾಗಿಲಿನಿಂದ. ಮೊಬೈಲಿನ ಲೈಟ್‌ರೂಮ್ ಆ್ಯಪ್‌ಗೆ ಫೋಟೊ ಸೇರಿಸಿದರೆ ಅದು ಪೂರ್ತಿ ಒರಿಜಿನಲ್ ಆಗಿ ಮೇಲೆ ಹೋಗುತ್ತದೆ, ಅಲ್ಲಿಂದ ಕ್ಲಾಸಿಕ್‌ಗೆ ಇಳಿಯುತ್ತದೆ. ಇಳಿದ ಮೇಲೂ ಕ್ಲೌಡ್‌ನಲ್ಲಿ ಉಳಿದೇ ಇರುತ್ತದೆ. ಅದರ ಲೆಕ್ಕ ನಿಮ್ಮ ತಲೆಗೇ. ಆ್ಯಪ್‌ನಲ್ಲಿ ತಾನಾಗಿ ಫೋಟೊ ಸೇರಿಸಿಕೊಳ್ಳುವ ಸೆಟ್ಟಿಂಗ್ ಆನ್ ಇದ್ದರೆ ಮನೆಯ ಮಕ್ಕಳ ಫೋಟೊ, ಬಿಲ್ಲಿನ ಫೋಟೊ ಎಲ್ಲ ಹೀಗೇ ಸೇರಿಕೊಳ್ಳುತ್ತವೆ. ತೆಗೆಯುವ ದಾರಿ ಸುಲಭ. ಫೋಟೊ ಕಂಪ್ಯೂಟರಿನ ಫೋಲ್ಡರಿಗೆ ಇಳಿದಿದೆ ಅಂತ ನೋಡಿಕೊಂಡು, ಕ್ಲಾಸಿಕ್‌ನಲ್ಲಿ ಸಿಂಕ್ ಆದ ಎಲ್ಲ ಫೋಟೊಗಳು ಅನ್ನುವ ಪಟ್ಟಿಯಿಂದ ಅದನ್ನು ತೆಗೆಯಿರಿ. ಕ್ಲೌಡ್‌ನಿಂದ ಹೋಗುತ್ತದೆ, ನಿಮ್ಮ ಡಿಸ್ಕಿನಲ್ಲಿ ಉಳಿಯುತ್ತದೆ.

ಒಂದು ಅಕೌಂಟಿಗೆ ಒಂದೇ ಕ್ಯಾಟಲಾಗ್ ಸಿಂಕ್ ಆಗುತ್ತದೆ, ಇದನ್ನೂ ನೆನಪಿಡಿ. ಮದುವೆಗೊಂದು ಕ್ಯಾಟಲಾಗ್ ಮಾಡುವ ರೂಢಿ ಕೆಲವು ಸ್ಟುಡಿಯೋಗಳಲ್ಲಿದೆ. ಸಿಂಕ್ ಬೇಕು ಅಂದರೆ ಆ ರೂಢಿ ಬಿಟ್ಟು ಒಂದೇ ಕ್ಯಾಟಲಾಗಿಗೆ ಬರಬೇಕಾಗುತ್ತದೆ.

ವಿಂಡೋಸ್ 11 ಇರುವವರು ಇದನ್ನು ತಪ್ಪದೆ ಓದಿ

ಕ್ಲಾಸಿಕ್ ತನ್ನ ಕ್ಯಾಟಲಾಗನ್ನು ತಾನಾಗಿ ಇಡುವುದು ಪಿಕ್ಚರ್ಸ್ ಫೋಲ್ಡರಿನ ಒಳಗೆ. ಹೊಸ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿದಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ವನ್‌ಡ್ರೈವ್ ಕೈಗೆ ಹೋಗಿರುತ್ತವೆ. ಎಷ್ಟೋ ಜನ ಅದಕ್ಕೆ ಓಕೆ ಒತ್ತಿದ್ದು ಅವರಿಗೇ ನೆನಪಿರುವುದಿಲ್ಲ. ಅಂದರೆ ನಿಮ್ಮ ಕ್ಯಾಟಲಾಗ್ ನಿಮಗೆ ಗೊತ್ತಿಲ್ಲದೆಯೇ ವನ್‌ಡ್ರೈವ್‌ನ ಒಳಗೆ ಕೂತಿರಬಹುದು.

ಇದರಲ್ಲಿ ಎರಡು ತೊಂದರೆ ಇವೆ. ವನ್‌ಡ್ರೈವ್ ಪುಕ್ಕಟೆ ಕೊಡುವುದು 5 ಜಿಬಿ. ಕ್ಯಾಟಲಾಗಿನ ಪಕ್ಕದಲ್ಲೇ ಇರುವ ಪ್ರಿವ್ಯೂ ಫೋಲ್ಡರಿನಲ್ಲಿ ಸಾವಿರಾರು ಚಿಕ್ಕ ಫೈಲುಗಳಿರುತ್ತವೆ. ಎರಡು ಮೂರು ಮದುವೆಗೆ 5 ಜಿಬಿ ಖಾಲಿ. ಎರಡನೆಯದು ಇನ್ನೂ ದೊಡ್ಡದು. ನೀವು ಎಡಿಟ್ ಮಾಡುವಾಗ ಕ್ಯಾಟಲಾಗ್ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ಅದೇ ಹೊತ್ತಿಗೆ ಸಿಂಕ್ ಮಾಡುವ ಸಾಫ್ಟ್‌ವೇರ್ ಅದನ್ನು ಓದಿ ಮೇಲೆ ಕಳಿಸಲು ನೋಡುತ್ತದೆ. ಅದೇ ಕ್ಯಾಟಲಾಗನ್ನು ಮನೆಯ ಕಂಪ್ಯೂಟರಿನಲ್ಲೂ ತೆರೆದರೆ ಎರಡು ಬೇರೆ ಬೇರೆ ಕ್ಯಾಟಲಾಗ್ ಹುಟ್ಟುತ್ತವೆ. ಯಾವುದು ಸರಿ ಅಂತ ಹೇಳುವವರು ಯಾರೂ ಇರುವುದಿಲ್ಲ. ಡ್ರಾಪ್‌ಬಾಕ್ಸ್, ಗೂಗಲ್ ಡ್ರೈವ್‌ಗೂ ಇದೇ ಮಾತು.

ಪರಿಹಾರಕ್ಕೆ ಹತ್ತು ನಿಮಿಷ ಸಾಕು. ಕ್ಲಾಸಿಕ್ ಮುಚ್ಚಿ. ವನ್‌ಡ್ರೈವ್‌ಗೆ ಸಂಬಂಧವಿಲ್ಲದ ಕಡೆ, ಡಿ ಡ್ರೈವಿನಲ್ಲೋ ಬೇರೆ ಎಸ್‌ಎಸ್‌ಡಿಯಲ್ಲೋ (ಹಾರ್ಡ್ ಡಿಸ್ಕಿಗಿಂತ ವೇಗದ, ಚಿಪ್ಪಿನ ಡಿಸ್ಕು), ಒಂದು ಫೋಲ್ಡರ್ ಮಾಡಿ. ಕ್ಯಾಟಲಾಗ್ ಇರುವ ಇಡೀ ಫೋಲ್ಡರನ್ನು ಅಲ್ಲಿಗೆ ಕಾಪಿ ಮಾಡಿ, ಅಲ್ಲಿಂದ ಕ್ಯಾಟಲಾಗ್ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆಯಿರಿ. ಎಲ್ಲ ಸರಿ ಇದೆ ಅನ್ನಿಸಿದ ಮೇಲೆ ಹಳೆಯದನ್ನು ತೆಗೆಯಿರಿ. ಕ್ಲಾಸಿಕ್ ಮುಚ್ಚುವಾಗ ಕೇಳುವ ಬ್ಯಾಕಪ್ ಇದೆಯಲ್ಲ, ಆ ಜಿಪ್ ಫೈಲನ್ನು ಮಾತ್ರ ವನ್‌ಡ್ರೈವ್‌ನಲ್ಲಿ ಇಡಿ. ಅದು ಒಂದು ಸಲ ಬರೆದು ಮುಗಿಯುವ ಫೈಲು, ಅದಕ್ಕೆ ಯಾವ ಅಪಾಯವೂ ಇಲ್ಲ. ಆದರೆ ಆ ಬ್ಯಾಕಪ್ಪಿನಲ್ಲಿ ಕ್ಯಾಟಲಾಗ್ ಮಾತ್ರ ಇರುತ್ತದೆ, ಒಂದೇ ಒಂದು ಫೋಟೊ ಕೂಡ ಇರುವುದಿಲ್ಲ.

ಕ್ಲೌಡೇ ಯಜಮಾನ ಆದಾಗ

ಕ್ಲೌಡ್ ಲೈಟ್‌ರೂಮಿನ ರೀತಿ ಬೇರೆ. ಫೋಟೊ ಸೇರಿಸಿದ ಕೂಡಲೇ ಒರಿಜಿನಲ್ ಮೇಲೆ ಹೋಗತೊಡಗುತ್ತದೆ. ಹೋಗಿ ಮುಟ್ಟಿದ ಮೇಲೆ ಲ್ಯಾಪ್‌ಟಾಪಿನಲ್ಲಿ ಎಷ್ಟು ಉಳಿಯಬೇಕು ಅನ್ನುವುದನ್ನು ಅದೇ ನಿರ್ಧರಿಸುತ್ತದೆ. ಸೆಟ್ಟಿಂಗ್‌ನಲ್ಲಿ ಖಾಲಿ ಜಾಗದ ಇಷ್ಟು ಶೇಕಡಾ ಬಳಸು ಅಂತ ಹೇಳಬಹುದು, ಅಷ್ಟೇ. 256 ಜಿಬಿಯ ಲ್ಯಾಪ್‌ಟಾಪ್ ಇರುವವರಿಗೆ ಇದು ನಿಜಕ್ಕೂ ಉಪಕಾರ. ಕ್ಯಾಟಲಾಗ್ ಎಲ್ಲಿದೆ, ಡಿಸ್ಕ್ ಎಲ್ಲಿದೆ ಅನ್ನುವ ಚಿಂತೆ ಇಲ್ಲ. ಮೊಬೈಲ್, ಟ್ಯಾಬ್, ಲ್ಯಾಪ್‌ಟಾಪ್ ಎಲ್ಲದರಲ್ಲೂ ಅದೇ ಫೋಟೊ, ಪೂರ್ತಿ ರೆಸಲ್ಯೂಷನ್ನಿನಲ್ಲಿ.

ಲಕ್ಕುಂಡಿಗೆ ಹೋಗಿ ಬ್ರಹ್ಮ ಜಿನಾಲಯದ, ಕಾಶಿ ವಿಶ್ವನಾಥ ಗುಡಿಯ ಕೆತ್ತನೆ ತೆಗೆಯುವವರು, ರಜೆಯಲ್ಲಿ ಒಂದಿಷ್ಟು ತಿರುಗುವವರು, ವರ್ಷಕ್ಕೆ ಕೆಲವು ಸಾವಿರ ಫೋಟೊ ಇರುವವರು ಇದನ್ನು ಧೈರ್ಯವಾಗಿ ತಗೊಳ್ಳಬಹುದು. 1 ಟಿಬಿ ಕ್ಲೌಡ್ ಜಾಗ ಅಂಥವರಿಗೆ ಹಲವು ವರ್ಷ ಬರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬಂದಾಗ ಬೆಳಗಿನಿಂದ ಬರ್ಸ್ಟ್‌ನಲ್ಲಿ (ಒಂದರ ಹಿಂದೊಂದು ಬಿಡದೆ) ಫೋಟೊ ಹೊಡೆಯುವವರಿಗೆ ನಾನು ಇದನ್ನು ಹೇಳುವುದಿಲ್ಲ. ಒಂದೇ ಹಾರಾಟದ ಇಪ್ಪತ್ತು ಫ್ರೇಮಿನಲ್ಲಿ ಹತ್ತೊಂಬತ್ತನ್ನು ಅಳಿಸುವವರು ನಾವು. ಅಳಿಸಲಿರುವ ಫೈಲುಗಳನ್ನು ಕ್ಲೌಡ್‌ಗೆ ಕಳಿಸಿ, ಡೇಟಾ ಸುಟ್ಟು, ಮತ್ತೆ ಅಲ್ಲಿಂದ ಅಳಿಸುವುದರಲ್ಲಿ ಅರ್ಥವಿಲ್ಲ. ಇದಕ್ಕೊಂದು ದಾರಿ 2023ರ ಅಕ್ಟೋಬರಿನಲ್ಲಿ ಬಂತು. ಲೈಟ್‌ರೂಮಿನಲ್ಲಿ ಈಗ ಲೋಕಲ್ ಅನ್ನುವ ಟ್ಯಾಬ್ ಇದೆ. ಅದರಲ್ಲಿ ಮೇಲೆ ಕಳಿಸದೆಯೇ ಡಿಸ್ಕಿನ ಫೋಟೊ ನೋಡಿ, ಆರಿಸಿ, ಎಡಿಟ್ ಮಾಡಬಹುದು. ಉಳಿದದ್ದನ್ನು ಮಾತ್ರ ಕ್ಲೌಡ್‌ಗೆ ಕಾಪಿ ಮಾಡಬಹುದು. ಕಾಪಿ ಆದ ಮೇಲೆ ಅವೆರಡೂ ಬೇರೆ ಬೇರೆ ಫೋಟೊಗಳು, ಒಂದರಲ್ಲಿ ಮಾಡಿದ ಎಡಿಟ್ ಇನ್ನೊಂದಕ್ಕೆ ಹೋಗುವುದಿಲ್ಲ. ಆದ್ದರಿಂದ ಮೊದಲು ಆರಿಸಿ, ಕಾಪಿ ಮಾಡಿ, ಆಮೇಲೆ ಎಡಿಟ್‌ಗೆ ಕೈ ಹಾಕಿ.

ಕ್ಲೌಡ್ ಲೈಟ್‌ರೂಮ್ ತಗೊಂಡರೆ ಮೊದಲ ದಿನವೇ ಒಂದು ಸೆಟ್ಟಿಂಗ್ ಆನ್ ಮಾಡಿ: ಎಲ್ಲ ಒರಿಜಿನಲ್‌ಗಳ ಒಂದು ಪ್ರತಿಯನ್ನು ಲೋಕಲ್ ಆಗಿ ಇಡು ಅನ್ನುವುದು. ಜಾಗವನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ತೋರಿಸಬಹುದು. ಆಗ ಇಂಟರ್‌ನೆಟ್ ಹೋದರೂ ಒರಿಜಿನಲ್ ಕೈಯಲ್ಲಿರುತ್ತದೆ. ಅಕೌಂಟಿಗೆ ಏನಾದರೂ ಆದರೂ ಫೈಲುಗಳು ಮನೆಯಲ್ಲಿರುತ್ತವೆ.

ಆದರೆ ಆ ಪ್ರತಿಯನ್ನು ಬ್ಯಾಕಪ್ ಅಂತ ನಂಬಬೇಡಿ. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಮೊಬೈಲಿನಲ್ಲಿ ಯಾರೋ ಒಂದು ಆಲ್ಬಂ ತೆರೆದು ಫೋಟೊಗಳನ್ನು ಡಿಲೀಟ್ ಮಾಡಿದರೆ ಕ್ಲೌಡ್‌ನಿಂದ ಹೋಗುತ್ತವೆ, ಲ್ಯಾಪ್‌ಟಾಪಿನಿಂದ ಹೋಗುತ್ತವೆ, ಆ ಎಕ್ಸ್‌ಟರ್ನಲ್ ಡಿಸ್ಕಿನಿಂದಲೂ ಹೋಗುತ್ತವೆ. ಡಿಲೀಟೆಡ್ ವಿಭಾಗದಲ್ಲಿ 60 ದಿನ ಇರುತ್ತವೆ, ಆಮೇಲೆ ಸಿಗುವುದಿಲ್ಲ. ಕ್ಲಾಸಿಕ್‌ನಲ್ಲಿ ಹೀಗಿಲ್ಲ. ಮೊಬೈಲಿನಿಂದ ಅಳಿಸಿದರೂ ಕಂಪ್ಯೂಟರಿನ ಡಿಸ್ಕಿನಲ್ಲಿರುವ ಒರಿಜಿನಲ್ ಹಾಗೇ ಇರುತ್ತದೆ. ಮಂದಿಯ ಮದುವೆ ಫೋಟೊ ಕೈಯಲ್ಲಿಟ್ಟುಕೊಂಡವರು ಕ್ಲಾಸಿಕ್ ಬಳಸಲಿ ಅಂತ ನಾನು ಹೇಳುವುದಕ್ಕೆ ದೊಡ್ಡ ಕಾರಣ ಇದೇ. ಆ ಅಕ್ಕಿಕಾಳು ಇನ್ನೊಂದು ಸಲ ಬೀಳುವುದಿಲ್ಲ.

ಎರಡೂ ಲೈಟ್‌ರೂಮನ್ನು ಒಂದೇ ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವವರೂ ಇದ್ದಾರೆ. ಬೇಡ. ಕ್ಲೌಡ್‌ನಲ್ಲಿರುವ ಅದೇ ಒರಿಜಿನಲ್ಲನ್ನು ಎರಡೂ ಬೇರೆ ಬೇರೆ ಜಾಗಕ್ಕೆ ಇಳಿಸಿಕೊಳ್ಳುತ್ತವೆ. ಡಿಸ್ಕ್ ಸುಮ್ನೆ ತುಂಬುತ್ತದೆ.

ಚಂದಾ ನಿಲ್ಲಿಸಿದರೆ ಏನಾಗುತ್ತದೆ ಅಂತಲೂ ಕೇಳುತ್ತಾರೆ. ಕ್ಲಾಸಿಕ್ ತೆರೆಯುತ್ತದೆ, ಫೋಟೊ ಹುಡುಕಬಹುದು, ಎಕ್ಸ್‌ಪೋರ್ಟ್ ಮಾಡಬಹುದು. ಎಡಿಟ್ ಮಾಡುವ ಡೆವಲಪ್ ವಿಭಾಗ ಮಾತ್ರ ಬಂದ್, ಸಿಂಕ್ ಕೂಡ ಬಂದ್. ಮೊದಲೆಲ್ಲ 20 ಜಿಬಿ ಕ್ಲೌಡ್ ಜಾಗದ ಕಡಿಮೆ ದರದ ಪ್ಲಾನ್ ಕ್ಲಾಸಿಕ್‌ನವರಿಗೆ ಸರಿಹೋಗುತ್ತಿತ್ತು. 2025ರ ಜನವರಿಯಲ್ಲಿ ಅಡೋಬಿ ಅದನ್ನು ಹೊಸಬರಿಗೆ ನಿಲ್ಲಿಸಿತು. ನಿಮ್ಮ ಬಳಿ ಹಳೆಯ ಪ್ಲಾನ್ ಇದ್ದರೆ ಯೋಚಿಸದೆ ಬಿಟ್ಟುಕೊಡಬೇಡಿ.

ದುಡ್ಡು ಕೊಡದ ದಾರಿ

ಹಾವೇರಿಯಲ್ಲೋ ರಾಣೆಬೆನ್ನೂರಲ್ಲೋ ಕಾಲೇಜಿಗೆ ಹೋಗುತ್ತ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ, ಕೃಷ್ಣಮೃಗ ಅಂತ ಫೋಟೊ ತೆಗೆಯುವ ಹುಡುಗ ಹುಡುಗಿಯರಿಗೆ ಪ್ರತಿ ತಿಂಗಳು ಚಂದಾ ಕಟ್ಟು ಅಂತ ಹೇಳಲು ನನಗೆ ಮನಸ್ಸಿಲ್ಲ. ಡಾರ್ಕ್‌ಟೇಬಲ್ ಪುಕ್ಕಟೆ ಸಿಗುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಪ್ರತಿ ಫೋಟೊದ ಪಕ್ಕದಲ್ಲಿ ಎಕ್ಸ್‌ಎಂಪಿ ಅನ್ನುವ ಪುಟ್ಟ ಫೈಲಿನಲ್ಲಿ ಎಡಿಟ್ ಬರೆದಿಡುತ್ತದೆ. ಕ್ಯಾಟಲಾಗ್ ಹಾಳಾದರೂ ಎಡಿಟ್ ಉಳಿಯುತ್ತದೆ, ಫೋಲ್ಡರ್ ಎತ್ತಿ ಬೇರೆ ಕಂಪ್ಯೂಟರಿಗೆ ಇಟ್ಟರೂ ಬರುತ್ತದೆ.

ಎರಡು ಕಂಪ್ಯೂಟರುಗಳ ನಡುವೆ ಸಿಂಕ್ ಬೇಕಾದರೆ ಸಿಂಕ್‌ಥಿಂಗ್ ಅನ್ನುವ ಇನ್ನೊಂದು ಪುಕ್ಕಟೆ ಸಾಫ್ಟ್‌ವೇರ್ ಇದೆ. ನಡುವೆ ಯಾವ ಕಂಪನಿಯ ಕ್ಲೌಡೂ ಇಲ್ಲ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹೋಗುತ್ತದೆ. ಮನೆಯ ಒಂದೇ ವೈಫೈನಲ್ಲಿದ್ದರೆ ಇಂಟರ್‌ನೆಟ್ ಡೇಟಾ ಕೂಡ ಖರ್ಚಾಗುವುದಿಲ್ಲ. ಫೋಟೊ ಮತ್ತು ಎಕ್ಸ್‌ಎಂಪಿ ಇರುವ ಫೋಲ್ಡರನ್ನು ಮಾತ್ರ ಸಿಂಕ್ ಮಾಡಿ, ಡಾರ್ಕ್‌ಟೇಬಲ್‌ನ ಡೇಟಾಬೇಸನ್ನು ಮಾಡಬೇಡಿ. ಬದಲಾದ ಎಕ್ಸ್‌ಎಂಪಿ ಇದೆಯಾ ಅಂತ ಶುರುವಿನಲ್ಲೇ ಹುಡುಕುವ ಆಯ್ಕೆಯನ್ನು ಡಾರ್ಕ್‌ಟೇಬಲ್‌ನಲ್ಲಿ ಆನ್ ಮಾಡಿಟ್ಟರೆ ಅದು ಬದಲಾದವುಗಳ ಪಟ್ಟಿ ತೋರಿಸುತ್ತದೆ, ಅಲ್ಲಿಂದ ಇನ್ನೊಂದು ಕಡೆಯ ಎಡಿಟ್ ತರಿಸಿಕೊಳ್ಳಬಹುದು. ಇದಕ್ಕೆ ಮೊಬೈಲ್ ಆ್ಯಪ್ ಇಲ್ಲ, ಕಲಿಯಲು ಹೊತ್ತು ಬೇಕು. ಲೈಟ್‌ರೂಮಿಗೆ ಮುಂದೆ ಹೋದರೆ ಎಡಿಟ್‌ಗಳು ಹಾಗೇ ಬರುವುದೂ ಇಲ್ಲ. ಆದರೂ ಕಲಿಯುವವರಿಗೆ ನಾನು ಮೊದಲು ಹೇಳುವ ಹೆಸರು ಇದೇ.

ಗೂಗಲ್ ಫೋಟೋಸ್ ಬಗ್ಗೆ ಎರಡೇ ಮಾತು. 2021ರ ಜೂನ್ 1ರಿಂದ ಅಲ್ಲಿ ಲೆಕ್ಕವಿಲ್ಲದ ಪುಕ್ಕಟೆ ಜಾಗ ಇಲ್ಲ, ಜಿಮೇಲ್ ಮತ್ತು ಡ್ರೈವ್ ಸೇರಿ 15 ಜಿಬಿ. ಜಾಗ ಉಳಿಸುವ ಆಯ್ಕೆ ಹಾಕಿದರೆ 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಫೋಟೊ ಕುಗ್ಗುತ್ತದೆ. ಮುಗಿದ ಜೆಪೆಗ್ ಫೋಟೊಗಳನ್ನು ಪಾರ್ಟಿಯವರಿಗೆ ಲಿಂಕ್ ಕಳಿಸಲು ಒಳ್ಳೆಯದು. ರಾ ಫೈಲ್ ಇಡುವ ಜಾಗ ಅದಲ್ಲ.

ಡಿಸ್ಕುಗಳನ್ನು ಹೇಗೆ ಹಂಚಬೇಕು

ಕ್ಯಾಟಲಾಗ್ ಮತ್ತು ಈಗ ಎಡಿಟ್ ಆಗುತ್ತಿರುವ ಮದುವೆ ಎಸ್‌ಎಸ್‌ಡಿಯಲ್ಲಿರಲಿ. ಆಲ್ಬಂ ಕೊಟ್ಟು ಮುಗಿದದ್ದು ಹಾರ್ಡ್ ಡಿಸ್ಕಿಗೆ ಹೋಗಲಿ, ಅಲ್ಲಿ ಒಂದು ಟಿಬಿಗೆ ಬೀಳುವ ದುಡ್ಡು ಕಡಿಮೆ. ಎಸ್‌ಎಸ್‌ಡಿಯನ್ನು ತುಂಬಿಸಿ ವರ್ಷಗಟ್ಟಲೆ ಕಪಾಟಿನಲ್ಲಿ ಇಡಬೇಡಿ. ಕರೆಂಟ್ ತಾಗದೆ ಬಹಳ ಕಾಲ ಬಿದ್ದರೆ ಅದರಲ್ಲಿನ ಡೇಟಾ ಅಳಿಯಬಹುದು. ಡೆಸ್ಕ್‌ಟಾಪ್ ಇದ್ದರೆ ಯುಪಿಎಸ್ ಬೇಕೇ ಬೇಕು. ಮಳೆಗಾಲದಲ್ಲಿ ಕರೆಂಟ್ ಹೇಗೆ ಹೋಗಿ ಬರುತ್ತದೆ ನಿಮಗೆ ಗೊತ್ತಲ್ಲ. ಕ್ಯಾಟಲಾಗ್ ಬರೆಯುವ ಹೊತ್ತಿಗೇ ಹೋದರೆ ಕ್ಯಾಟಲಾಗ್ ಕೆಡಬಹುದು.

ಡಿಸ್ಕ್ ಬದಲಿಸಿ ಹಚ್ಚಿದಾಗ ವಿಂಡೋಸ್ ಅದಕ್ಕೆ ಇ ಬದಲು ಎಫ್ ಅಂತ ಅಕ್ಷರ ಕೊಟ್ಟರೆ ಕ್ಲಾಸಿಕ್‌ನಲ್ಲಿ ಫೋಲ್ಡರುಗಳ ಮೇಲೆ ಪ್ರಶ್ನೆ ಗುರುತು ಬರುತ್ತದೆ. ಹೆದರಬೇಡಿ, ಫೋಟೊ ಹೋಗಿರುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹಳೆಯ ಅಕ್ಷರವನ್ನೇ ಕೊಡಿ. ಫೋಟೊ ಮತ್ತೆ ಇಂಪೋರ್ಟ್ ಮಾಡಲು ಮಾತ್ರ ಹೋಗಬೇಡಿ, ಎಡಿಟ್ ಇಲ್ಲದ ಎರಡನೇ ಪ್ರತಿಗಳು ಸೇರಿಕೊಳ್ಳುತ್ತವೆ.

ಬ್ಯಾಕಪ್‌ಗೆ ಫೋಟೊಗ್ರಾಫರ್ ಪೀಟರ್ ಕ್ರೋ ಹೇಳಿದ 3-2-1 ಲೆಕ್ಕ ನಮಗೂ ಸರಿಹೊಂದುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಆ ಬೇರೆ ಜಾಗ ಕ್ಲೌಡೇ ಆಗಬೇಕು ಅಂತ ಏನಿಲ್ಲ. ಹುಬ್ಬಳ್ಳಿಯಲ್ಲಿ ಸ್ಟುಡಿಯೋ, ಧಾರವಾಡದಲ್ಲಿ ಮನೆ ಇರುವವರು ಎಷ್ಟೋ ಜನ. ನಡುವೆ ಸುಮಾರು 20 ಕಿಲೋಮೀಟರ್. ವಾರಕ್ಕೊಮ್ಮೆ ಒಂದು 4 ಟಿಬಿ ಡಿಸ್ಕ್ ಬ್ಯಾಗಿನಲ್ಲಿಟ್ಟು ಚಿಗರಿ ಬಸ್ಸು ಹತ್ತಿದರೆ ಅಷ್ಟು ಡೇಟಾ ಒಂದೇ ಗಂಟೆಯೊಳಗೆ ಬೇರೆ ಊರು ಮುಟ್ಟುತ್ತದೆ. ಅದೇ 4 ಟಿಬಿ 20 ಎಂಬಿಪಿಎಸ್‌ನಲ್ಲಿ ಹೋಗಲು ಹದಿನೆಂಟು ದಿನಕ್ಕೂ ಜಾಸ್ತಿ ಬೇಕು. ಡಿಸ್ಕಿಗೆ ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿರಿ, ಅದರಲ್ಲಿ ಇರುವುದು ಬೇರೆಯವರ ಮನೆಯ ಫೋಟೊ.

ಇನ್ನು ಮೆಮೊರಿ ಕಾರ್ಡ್. ಕ್ಲಾಸಿಕ್ ಆದರೆ ಫೋಟೊ ಎರಡು ಬೇರೆ ಡಿಸ್ಕಿಗೆ ಕಾಪಿ ಆದ ಮೇಲೆ ಕಾರ್ಡ್ ಫಾರ್ಮ್ಯಾಟ್ ಮಾಡಿ. ಇಂಪೋರ್ಟ್ ಮಾಡುವಾಗಲೇ ಎರಡನೇ ಪ್ರತಿಯನ್ನು ಬೇರೆ ಜಾಗಕ್ಕೆ ಹಾಕುವ ಆಯ್ಕೆ ಅದರಲ್ಲಿದೆ. ಕ್ಲೌಡ್ ಲೈಟ್‌ರೂಮ್ ಆದರೆ ಮೇಲಿರುವ ಮೋಡದ ಗುರುತನ್ನು ಒತ್ತಿ, ಸಿಂಕ್ ಪೂರ್ತಿ ಮುಗಿದಿದೆ ಅಂತ ಅದು ಹೇಳುವವರೆಗೆ ಕಾರ್ಡನ್ನು ಪಕ್ಕಕ್ಕಿಡಿ. ಫೋಟೊ ಸ್ಕ್ರೀನಿನಲ್ಲಿ ಕಂಡಿತು ಅಂದರೆ ಅದು ಮೇಲೆ ಹೋಗಿದೆ ಅಂತ ಅರ್ಥ ಅಲ್ಲ.